ರಬನಪಲ್ಲಿಯ ಇಲೈಟ್ ಕಡಲಿನ ಸಾಕ್ಷಿಯೇ?

ಗ್ರಿಮ್ ಮತ್ತು ಜಾನ್ಸ್ 1954ರಲ್ಲಿ ಟೆಕ್ಸಾಸ್ ಕರಾವಳಿಯ ಕೆಸರನ್ನು ಪರೀಕ್ಷಿಸಿದರು. ನದಿಯಿಂದ ಕೊಲ್ಲಿಯತ್ತ ಸಾಗಿದಂತೆ ಸ್ಮೆಕ್ಟೈಟ್ ಕುಗ್ಗಿ, ಇಲೈಟ್ ಮತ್ತು ಕ್ಲೋರೈಟ್ ಹೆಚ್ಚುವುದನ್ನು ತೋರಿಸಿದರು. ಉಪ್ಪುನೀರು ತಾಕಿದೊಡನೆ ಜೇಡಿ ಖನಿಜ ರೂಪ ಬದಲಿಸುತ್ತದೆ ಎಂದು ತೀರ್ಮಾನಿಸಿದರು. ಅಳತೆ ಸರಿ, ತೀರ್ಮಾನ ದುಡುಕಿನದು. ಅದೇ ಜಾಡಿನಲ್ಲಿ ಹೋದರೆ ಯಾದಗಿರಿ, ಶಹಾಪುರ ಸುತ್ತಲಿನ ಭೀಮಾ ಶಿಲಾಸಮೂಹದ ರಬನಪಲ್ಲಿ ಜೇಡುಶಿಲೆಯಲ್ಲಿ ಇಲೈಟ್ ಕಂಡೊಡನೆ ಅದನ್ನು ಕಡಲಿನ ಕೂಸು ಎಂದುಬಿಡಬೇಕಾಗುತ್ತದೆ. ಈ ಶಿಲೆಗಳು ಕಡಲಿನಲ್ಲಿ ಶೇಖರವಾದವು ಎಂಬುದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಸಾಕ್ಷಿಯ ಆಯ್ಕೆಯಲ್ಲಿ.

ವೀವರ್ 1958ರಲ್ಲೇ ಎಚ್ಚರಿಸಿದ್ದರು: ಕಡಲಡಿಯ ಜೇಡಿಯಲ್ಲಿ ಬಹುಪಾಲು ನೆಲದಿಂದ ಹರಿದುಬಂದದ್ದೇ. 1977ರಲ್ಲಿ ಗಿಬ್ಸ್ ಅಮೆಜಾನ್ ಮುಖದಾಚೆ ಕಂಡದ್ದು ಟೆಕ್ಸಾಸಿಗೆ ತಿರುವುಮುರುವು. ಅಲ್ಲಿ ದಡ ದೂರವಾದಂತೆ ಸ್ಮೆಕ್ಟೈಟೇ ಹೆಚ್ಚುತ್ತದೆ, ಏಕೆಂದರೆ ದಪ್ಪ ಕಣ ಮೊದಲು ತಳಸೇರಿ, ಸಣ್ಣ ಕಣದ ಸ್ಮೆಕ್ಟೈಟ್ ದೂರ ತೇಲುತ್ತದೆ. ಖನಿಜದ ಪ್ರಮಾಣವನ್ನು ಬದಲಿಸಿದ್ದು ನೀರಿನ ಉಪ್ಪಲ್ಲ, ಕಣದ ಗಾತ್ರ. ಈ ವಾದದಲ್ಲಿ ನಾನು ವೀವರ್ ಪಕ್ಷದವನು.

ನಮ್ಮ ಸೀಮೆಯಲ್ಲಿ ಈ ಪಕ್ಷಕ್ಕೆ ಬಲವೂ ಇದೆ. ಸುರಪುರದ ಗುಡ್ಡಗಳು, ಯಾದಗಿರಿ ಕೋಟೆಯ ಬೆಟ್ಟ, ಇವೆಲ್ಲ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಮತ್ತು ಅಭ್ರಕ ಹೊತ್ತ ಗ್ರಾನೈಟ್ ನೆಲ. ರಬನಪಲ್ಲಿ ಜೇಡುಶಿಲೆಯ ರಾಸಾಯನಿಕತೆ ಸಿಲಿಕಾ ಹೆಚ್ಚಿರುವ ಇಂಥ ಶಿಲೆಗಳತ್ತಲೇ ಬೆರಳು ತೋರುತ್ತದೆಂದು ನಾಗರಾಜನ್ ಮತ್ತು ಸಂಗಡಿಗರು 2007ರಲ್ಲಿ ಬರೆದರು. ಇಂಥ ನೆಲದ ಅಭ್ರಕ ಪುಡಿಯಾಗಿ ಕೆಸರಿಗೆ ಸೇರಿದರೆ ಎಕ್ಸ್-ರೇ ಪಟದಲ್ಲಿ 10 ಆಂಗ್‌ಸ್ಟ್ರಾಮ್‌ನ ಶಿಖರ ಏಳುತ್ತದೆ. ಕಡಲಲ್ಲಿ ಹುಟ್ಟಿದ ಇಲೈಟಿಗೂ ಅದೇ ಶಿಖರ. ಎರಡನ್ನೂ ಬೇರ್ಪಡಿಸಲು ಹರಳಿನ ಪದರಗಳ ಜೋಡಣೆಯನ್ನೇ ನೋಡಬೇಕು: 2ಎಂ1 ಬಗೆ ಸಾಮಾನ್ಯವಾಗಿ ಹಳೆಯ ಅಭ್ರಕದ್ದು, 1ಎಂ ಮತ್ತು 1ಎಂಡಿ ಬಗೆ ಶೇಖರವಾದ ಮೇಲೆ ಬೆಳೆದದ್ದು (ತೀವ್ರ ಕಾಯ್ದ ಶಿಲೆಗೆ ಈ ನಿಯಮ ಹೊಂದದು). ಇದನ್ನು ನೋಡದೆ ಶಿಖರದ ಎತ್ತರ ಅಳೆದು ಕಡಲಿನ ಮಾತಾಡುವ ವಿಶ್ಲೇಷಣೆಯನ್ನು ನಾನು ಒಪ್ಪಲಾರೆ.

ಮೂರನೆಯ ದಾರಿಯೂ ಇದೆ: ಹೂಳಿಕೆ. ಹೋವರ್ ಮತ್ತು ಸಂಗಡಿಗರು 1976ರಲ್ಲಿ ಮೆಕ್ಸಿಕೊ ಕೊಲ್ಲಿ ತೀರದ ಆಳ ಬಾವಿಯೊಂದರಲ್ಲಿ, ಆಳ ಮತ್ತು ಶಾಖ ಏರಿದಂತೆ ಸ್ಮೆಕ್ಟೈಟ್ ಪದರಗಳು ಇಲೈಟ್ ಆಗುವುದನ್ನೂ ಅದಕ್ಕೆ ಬೇಕಾದ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್‌ನಿಂದ ಬರುವುದನ್ನೂ ತೋರಿಸಿದರು. ಭೀಮಾ ಪದರಗಳ ದಪ್ಪ ಸುಮಾರು 300 ಮೀಟರ್, ಅಷ್ಟರಲ್ಲಿ ಶಾಖ ಎಲ್ಲಿಂದ ಬಂತು ಎಂದು ಎದುರುವಾದಿಗಳು ಕೇಳಬಹುದು. ಇಂದು ಉಳಿದ ದಪ್ಪವನ್ನು ಅಂದು ಹೂತ ಆಳವೆಂದು ಹಿಡಿಯುವುದೇ ತಪ್ಪು. ಮೇಲಿನ ಪದರ ಎಷ್ಟು ಸವೆದಿದೆಯೋ ಅದು ಈ ಲೆಕ್ಕದಲ್ಲಿಲ್ಲ. ಉತ್ತರ ಭಾಗದ ಮೇಲೆ ಡೆಕ್ಕನ್ ಲಾವಾ ಕೂತದ್ದೂ ಈ ಲೆಕ್ಕಕ್ಕೆ ಸೇರಿಲ್ಲ.

ಹಾಗಾದರೆ ಕಡಲಿನ ಗುರುತು ಎಲ್ಲಿದೆ? ಅದೇ ರಬನಪಲ್ಲಿ ರಚನೆಯ ಕಸ್ತೂರಪಲ್ಲಿ ಗ್ಲಾಕೊನೈಟ್ ಉಪಘಟಕದಲ್ಲಿ. ಸ್ತರಕ್ರಮದ ಪಟ್ಟಿಯಲ್ಲಿ ಅದರ ಹೆಸರಿದೆ, ಆದರೆ ಜೇಡಿ ಖನಿಜದ ಚರ್ಚೆಗೆ ಅದನ್ನು ಕರೆಯುವವರು ಕಡಿಮೆ. ಗ್ಲಾಕೊನೈಟ್ ಕೂಡ ಅಭ್ರಕದ ಒಡಲಿನದೇ, ಕಬ್ಬಿಣ ಮತ್ತು ಪೊಟ್ಯಾಸಿಯಂ ತುಂಬಿಕೊಂಡದ್ದು. ಒಡಿನ್ ಮತ್ತು ಮ್ಯಾಟರ್ 1981ರಲ್ಲಿ ವಿವರಿಸಿದಂತೆ, ಕೆಸರು ಬಹಳ ನಿಧಾನವಾಗಿ ಬೀಳುವ ಕಡಲಡಿಯಲ್ಲಿ, ಕಣಗಳ ಒಳಸಂದುಗಳಲ್ಲಿ ಅದು ಬೆಳೆಯುತ್ತದೆ. ಮೊದಲು ಪೊಟ್ಯಾಸಿಯಂ ಕಡಿಮೆ, ಕಾಲ ಕಳೆದಂತೆ ಏರುತ್ತದೆ. ಪೊಟ್ಯಾಸಿಯಂ ಆಕ್ಸೈಡ್ ಶೇ. 8 ದಾಟಿದರೆ ಅದು ಪೂರ್ಣ ಬಲಿತದ್ದು. ಅಂದರೆ ಕಡಲಡಿ ಎಷ್ಟು ಕಾಲ ಕೆಸರಿಲ್ಲದೆ ತೆರೆದಿತ್ತು ಎಂಬ ಅಂದಾಜೂ ಇದರಿಂದ ಸಿಗುತ್ತದೆ. ಇಲೈಟಿನ ಪ್ರಮಾಣದಿಂದ ಇದು ಸಾಧ್ಯವಿಲ್ಲ. ಆದರೆ ಭೀಮಾ ಶಿಲೆಗಳ ಕಾಲದ, ಅಂದರೆ ಪ್ರೊಟೆರೊಜೋಯಿಕ್, ಗ್ಲಾಕೊನೈಟ್‌ಗಳಲ್ಲಿ ಅಲ್ಯೂಮಿನಿಯಂ ಹೆಚ್ಚು, ಅವು ಆಳವಿಲ್ಲದ ನೀರಿನಲ್ಲೂ ಸಿಗುತ್ತವೆ. ಹಾಗಾಗಿ ಆಳದ ತೀರ್ಮಾನಕ್ಕೆ ಆತುರ ಬೇಡ. ಹಸಿರು ಕಂಡಲ್ಲೆಲ್ಲ ಗ್ಲಾಕೊನೈಟ್ ಎನ್ನುವುದೂ ಬೇಡ. ಜೇಡುಶಿಲೆಯ ಹಸಿರು ಕ್ಲೋರೈಟ್‌ನ ಕಬ್ಬಿಣದ್ದೂ ಆಗಿರಬಹುದು.

ಮಾದರಿ ತೆಗೆಯುವವರಿಗೆ ಒಂದು ಮಾತು. ಎರೆಭೂಮಿಯ ಕೆಳಗಿನ ಸೀಳುಗಳಿಗೆ ಮೇಲಿನ ಮಣ್ಣಿನ ಸ್ಮೆಕ್ಟೈಟ್ ಮಳೆನೀರಿನೊಡನೆ ಇಳಿಯುತ್ತದೆ. ಅದನ್ನು ಪ್ರಾಚೀನ ಕಡಲಿನ ಖನಿಜವೆಂದು ಎಣಿಸಿದರೆ ಇಡೀ ಪಟ್ಟಿ ಕೆಡುತ್ತದೆ. ಇದಕ್ಕಿಂತ ಗಂಭೀರ ಸಮಸ್ಯೆ ಶಹಾಪುರ ತಾಲ್ಲೂಕಿನ ಗೋಗಿಯದು. ಗೋಗಿ–ಕುರಲಗೆರೆ ಸ್ತರಭಂಗದ ಗುಂಟ ಯುರೇನಿಯಂ ಹೊತ್ತ ದ್ರವ ಸುಣ್ಣಕಲ್ಲಿಗೂ ಗ್ರಾನೈಟಿಗೂ ನುಗ್ಗಿದೆ. ಅಂಥ ದ್ರವ ಫೆಲ್ಡ್‌ಸ್ಪಾರ್ ಅನ್ನು ಇಲೈಟ್, ಕ್ಲೋರೈಟ್‌ಗಳಾಗಿ ಪರಿವರ್ತಿಸಬಲ್ಲದು, ಕಡಲಿನ ಹನಿಯೂ ಇಲ್ಲದೆ. ಆದ್ದರಿಂದ ಸ್ತರಭಂಗದ ಬಗಲಿನ ಮಾದರಿಗಳನ್ನು ದೂರದ ಮಾದರಿಗಳೊಡನೆ ಬೆರೆಸಿ ಸರಾಸರಿ ತೆಗೆಯುವುದನ್ನು ಮೊದಲು ನಿಲ್ಲಿಸಬೇಕು.