ಚಾಣದ ಸಾಣೆ

ಕಲ್ಲನ್ನು ಸೀಳಲು ಹಾಗೂ ಕೆತ್ತಲು ಬಳಸುವ ಉಕ್ಕಿನ ಉಳಿಗೆ ಚಾಣ ಎಂದು ಹೆಸರು. ಕಲ್ಲಿನ ಗುಣಕ್ಕೆ ತಕ್ಕಂತೆ ಅದರ ಅಂಚನ್ನು ಹರಿತಗೊಳಿಸುವ ಕ್ರಮವೇ ಚಾಣದ ಸಾಣೆ. ಅತಿ ಹರಿತವಾದ ಅಂಚು ಎಲ್ಲ ಕಲ್ಲಿಗೂ ಒಳ್ಳೆಯದಲ್ಲ.

ಕಲ್ಲು ಮತ್ತು ಅಂಚು

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ ಮತ್ತು ಸೇಡಂ ಪ್ರದೇಶದ ಸುಣ್ಣಕಲ್ಲು ಭೀಮಾ ಶಿಲಾಸಮೂಹಕ್ಕೆ ಸೇರಿದ್ದು, ಪದರ ಪದರವಾಗಿ ಬಿಡುತ್ತದೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅಥವಾ ಫರ್ಸಿ ಇದೇ. ಇದರ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಗಡಸುತನ ಮೋಸ್ ಮಾಪಕದಲ್ಲಿ 3. ಪದರಗಳ ನಡುವಿನ ಸಂದಿಗೆ ಇಳಿಯಬೇಕಾದ ಚಾಣಕ್ಕೆ ಅಗಲವಾದ, ತೆಳುವಾದ ಅಂಚು ಸಾಕು. ಸಂದಿ ತೆರೆದ ಮೇಲೆ ಹಾರೆಯಿಂದ ಹಾಸನ್ನು ಎಬ್ಬಿಸಬಹುದು. ಹಾಸನ್ನು ಅಡ್ಡಲಾಗಿ ತುಂಡರಿಸುವಾಗ ಅದೇ ಅಂಚು ಬೇಗ ಮಡಚಿಕೊಳ್ಳುವುದರಿಂದ ಸ್ವಲ್ಪ ದಪ್ಪನೆಯ ಅಂಚು ಬೇಕು. ಚಿಂಚೋಳಿ ತಾಲ್ಲೂಕಿನ ಕೆಲವೆಡೆ ದೊರೆಯುವ ಬಸಾಲ್ಟಿನ ಖನಿಜಗಳ ಗಡಸುತನ 5ರಿಂದ 6. ಈ ಕಪ್ಪುಕಲ್ಲಿಗೆ ಅಗಲವಾದ ಅಂಚು ನಾಟುವುದಿಲ್ಲ. ಪೆಟ್ಟಿನ ಬಲವೆಲ್ಲ ಒಂದೇ ಬಿಂದುವಿಗೆ ಬೀಳುವ, ಮೊಂಡು ಕೋನದ ಮೊನೆ ಇರಬೇಕು.

ಹದ ಹಾಕುವುದು

ಸವೆದ ಚಾಣವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಆಕಾರಕ್ಕೆ ತಂದು, ತುದಿಯನ್ನಷ್ಟೇ ನೀರಿಗೆ ಅದ್ದಲಾಗುತ್ತದೆ. ಆಗ ತುದಿ ಗಾಜಿನಂತೆ ಗಡಸಾಗುತ್ತದೆ. ಹಾಗೆಯೇ ಬಳಸಿದರೆ ಚಕ್ಕೆ ಏಳುತ್ತದೆ. ಆದ್ದರಿಂದ ತುದಿಯನ್ನು ಉಜ್ಜಿ ಹೊಳಪು ತಂದು, ಮೇಲಿನ ಭಾಗದ ಬಿಸಿ ಕೆಳಗಿಳಿಯುವವರೆಗೆ ಕಾಯಬೇಕು. ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ (ಸುಮಾರು 220–230 ಡಿಗ್ರಿ ಸೆಲ್ಸಿಯಸ್), ಬಳಿಕ ಕಂದು, ನೇರಳೆ, ಕೊನೆಗೆ ನೀಲಿ (ಸುಮಾರು 300 ಡಿಗ್ರಿ) ಬಣ್ಣ ಮೂಡುತ್ತವೆ. ಹಳದಿಯಲ್ಲಿ ಮತ್ತೆ ಅದ್ದಿದರೆ ಅಂಚು ಗಡಸಾಗಿಯೂ ನೀಲಿಯಲ್ಲಿ ಅದ್ದಿದರೆ ಪೆಟ್ಟು ತಾಳುವಂತೆಯೂ ಉಳಿಯುತ್ತದೆ. ಬಣ್ಣ ಕ್ಷಣಗಳಲ್ಲಿ ಬದಲಾಗುವುದರಿಂದ ಇಲ್ಲಿ ಕಮ್ಮಾರನ ಕಣ್ಣಳತೆಯೇ ಮುಖ್ಯ.

ವಿದ್ಯುತ್ ಸಾಣೆ ಚಕ್ರಕ್ಕೆ ಹಿಡಿದಾಗ ತುದಿ ನೀಲಿಗಟ್ಟಿದರೆ ಗಡಸುತನ ಕುಂದಿದೆ ಎಂದರ್ಥ. ಇದನ್ನು ತಪ್ಪಿಸಲು ಆಗಾಗ ನೀರಿಗೆ ಅದ್ದುತ್ತಿರಬೇಕು. ಕಾರ್ಬೈಡ್ ತುದಿಯ ಉಳಿಗಳನ್ನು ಕುಲುಮೆಗೆ ಹಾಕಬಾರದು. ಅವುಗಳಿಗೆ ವಜ್ರದ ಅಥವಾ ಸಿಲಿಕಾನ್ ಕಾರ್ಬೈಡ್ ಚಕ್ರವೇ ಬೇಕು.

ಅಪಾಯಗಳು

ಅಂಚಿಗೆ ಗಮನ ಕೊಡುವವರು ಚಾಣದ ತಲೆಯನ್ನು ಮರೆಯುವುದುಂಟು. ಸುತ್ತಿಗೆಯ ಪೆಟ್ಟಿಗೆ ಅದು ಅಣಬೆಯಂತೆ ಹರಡಿಕೊಂಡು, ಅದರಿಂದ ಸಿಡಿದ ಉಕ್ಕಿನ ಚೂರು ಕಣ್ಣನ್ನೇ ಕಳೆಯಬಲ್ಲದು. ಹರಡಿದ ಭಾಗವನ್ನು ಪ್ರತಿ ಸಾಣೆಯಲ್ಲೂ ಉಜ್ಜಿ ತೆಗೆಯಬೇಕು. ತಲೆಗೆ ಹದ ಹಾಕಬಾರದು, ಅದು ಮೆದುವಾಗಿಯೇ ಇರಬೇಕು. ಸಾಣೆ ಹಿಡಿಯುವಾಗಲೂ ಕಲ್ಲು ಒಡೆಯುವಾಗಲೂ ಕಣ್ಣಿಗೆ ರಕ್ಷಣಾ ಕನ್ನಡಕ ಅಗತ್ಯ.