ಮೋಡಿ ಲಿಪಿ (ಬೆಳಗಾವಿಯ ಗಡಿ ತಾಲ್ಲೂಕುಗಳಲ್ಲಿ)

ಲೆಕ್ಕಣಿಕೆಯನ್ನು ಆದಷ್ಟು ಕಡಿಮೆ ಎತ್ತಿ, ವೇಗವಾಗಿ ಮರಾಠಿ ಬರೆಯಲು ಬೆಳೆದು ಬಂದ ಲಿಪಿ. ಒಂದೇ ಬರಹಕ್ಕೆ ಒಂದಕ್ಕಿಂತ ಹೆಚ್ಚು ಓದು ಸಾಧ್ಯವಾಗುವುದು ಇದರ ಲಕ್ಷಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹಳೆಯ ಜಮೀನು, ವತನ, ಇನಾಮಿನ ಕಾಗದಪತ್ರಗಳಲ್ಲಿ ಮೋಡಿ ಬರಹ ಕಾಣುತ್ತದೆ.

ಹುಟ್ಟು: ದೇವಗಿರಿ ಯಾದವರ ಮಂತ್ರಿ ಹೇಮಾದ್ರಿ 13ನೆಯ ಶತಮಾನದಲ್ಲಿ ಇದನ್ನು ರೂಢಿಗೆ ತಂದನೆಂಬ ಪ್ರತೀತಿಯಿದೆ. ತಿಳಿದಿರುವ ಅತಿ ಹಳೆಯ ಮೋಡಿ ಪತ್ರ 1389ರದು. ಪೇಶ್ವೆಗಳ ಕಾಲಕ್ಕೆ ದಫ್ತರದ ಬರಹವೆಲ್ಲ ಬಹುಮಟ್ಟಿಗೆ ಮೋಡಿಯೇ ಆಗಿತ್ತು.

ಓದಿನ ತೊಡಕು: ಬರೆಯುವವನು ಮೊದಲು ತಲೆಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ಜೋತುಹಾಕುತ್ತಿದ್ದ, ಪದಗಳ ನಡುವೆ ತೆರಪಿಲ್ಲ. ಇಕಾರ, ಉಕಾರಗಳ ಹ್ರಸ್ವದೀರ್ಘಕ್ಕೆ ಬೇರೆ ಗುರುತಿಲ್ಲ. ಹಾಗಾಗಿ ‘ದಿನ’ ಮತ್ತು ‘ದೀನ’, ‘ಸುತ’ (ಮಗ) ಮತ್ತು ‘ಸೂತ’ (ನೂಲು) ಒಂದೇ ತೆರ ಕಾಣುತ್ತವೆ. ಮರಾಠಿಯ ಜಕಾರಕ್ಕೂ ಎರಡು ಉಚ್ಚಾರ: ‘ಜಗ’ ಎಂಬುದನ್ನು ತಾಲವ್ಯವಾಗಿ ಓದಿದರೆ ಲೋಕ, ದಂತ್ಯವಾಗಿ ಓದಿದರೆ ‘ಬಾಳು’ ಎಂಬ ವಿಧಿ. ಚೀನೀ ಬರಹದಲ್ಲಿಯೂ ಒಂದೇ ಚಿಹ್ನೆ ‘ಶಿಂಗ್’ ಎಂದರೆ ನಡೆ, ‘ಹಾಂಗ್’ ಎಂದರೆ ಸಾಲು. ಅಲ್ಲಿ ಓದು ಪದದ ಜೊತೆಯಿಂದ ಗೊತ್ತಾಗುತ್ತದೆ. ಮೋಡಿಯಲ್ಲಿ ದಫ್ತರದ ಸಿದ್ಧ ಒಕ್ಕಣೆಯಿಂದ.

ಈ ಸೀಮೆಯಲ್ಲಿ: ಇಲ್ಲಿ ಆಳ್ವಿಕೆ ಒಂದೇ ಕೈಯಲ್ಲಿರಲಿಲ್ಲ. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿಯಿತು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳ್ಕರ್ 1839ರಲ್ಲಿ ತೀರಿಕೊಂಡ ಮೇಲೆ ಅವರ ಸಂಸ್ಥಾನ ಬ್ರಿಟಿಷರಿಗೆ ಸೇರಿತು. ರಾಯಬಾಗ 1949ರವರೆಗೆ ಕೊಲ್ಹಾಪುರದಲ್ಲಿತ್ತು. ಕಾಗದಗಳೂ ಅದರಂತೆ ಬೇರೆ ಬೇರೆ ದಫ್ತರಗಳಿಗೆ ಹಂಚಿಹೋದವು.

ಇಳಿಕೆ: ಮೋಡಿಯ ಕೂಡಿಕೊಂಡ ಗೆರೆಗಳು ಅಚ್ಚಿನ ಮೊಳೆಗೆ ಒಗ್ಗಲಿಲ್ಲ. 1917ರಲ್ಲಿ ಮುಂಬಯಿ ಸರ್ಕಾರ ಆಡಳಿತಕ್ಕೆ ಬಾಲಬೋಧ, ಅಂದರೆ ನಾಗರಿಯನ್ನು, ಆರಿಸಿಕೊಂಡಿತು. ಶಾಲೆಗಳಲ್ಲಿ ಮೋಡಿ ಇನ್ನೂ ಕೆಲವು ದಶಕ ಉಳಿಯಿತು. 2014ರಲ್ಲಿ ಯೂನಿಕೋಡ್‌ನ 7.0 ಆವೃತ್ತಿ ಮೋಡಿಗೆ ಸ್ಥಾನ ಕೊಟ್ಟಿತು.

ಕನ್ನಡದ ಹೆಸರುಗಳು: ಕನ್ನಡದಲ್ಲಿ ಎ-ಏ, ಒ-ಓ ಬೇರೆ; ಮೋಡಿಗೆ ಆ ಭೇದವೂ ಇಲ್ಲ. ‘ಕೊಡಿ’, ‘ಕೋಡಿ’ ಎರಡಕ್ಕೂ ಅಲ್ಲಿ ಒಂದೇ ರೂಪ. ಆದ್ದರಿಂದ ಇಲ್ಲಿನ ಹೊಲ, ಊರು, ಮನೆತನಗಳ ಹೆಸರು ಸರಿಯಾಗಿ ಓದಲು ಮರಾಠಿ ಒಂದೇ ಸಾಲದು, ಕನ್ನಡವೂ ಬೇಕು.