ಚೀಸ್, ಪನೀರ್ ಮತ್ತು ಹಾಲಿನ ಪೌಷ್ಟಿಕ ಮೌಲ್ಯ: ಕೊಹಿನೂರ ಭಾಗದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ಹಾಗೂ ನೆರೆಯ ಹುಮನಾಬಾದ ಭಾಗದ ಗ್ರಾಮಗಳಲ್ಲಿ ಜೋಳ ಮತ್ತು ತೊಗರಿ ಬೇಳೆ ದಿನನಿತ್ಯದ ಆಹಾರವಾಗಿದ್ದು, ಹೈನುಗಾರಿಕೆಯು ಬೇಸಾಯದೊಡನೆ ನಡೆದುಬಂದ ಉಪಕಸುಬಾಗಿದೆ. ದೇವಣಿ ತಳಿಯ ಆಕಳುಗಳಿಗೆ ಬೀದರ್ ಜಿಲ್ಲೆಯು ಹೆಸರಾಗಿದೆ. ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಅಂಗಡಿಗಳಲ್ಲಿ ಚೀಸ್ ತುಂಡುಗಳು ಹಾಗೂ ಪನೀರ್ ಸುಲಭವಾಗಿ ದೊರೆಯುತ್ತಿವೆ. ಮಕ್ಕಳ ಬೆಳವಣಿಗೆಗೆ ಚೀಸ್ ಅಗತ್ಯವೇ, ಅದರಲ್ಲಿ ಹಾಲಿಗಿಂತ ಹೆಚ್ಚಿನ ಸತ್ವವಿದೆಯೇ ಎಂಬ ಪ್ರಶ್ನೆಗಳು ಪೋಷಕರಲ್ಲಿ ಮೂಡುವುದು ಸಹಜ. ಈ ಪ್ರಶ್ನೆಗಳಿಗೆ ಉತ್ತರವನ್ನೂ, ಹಾಲಿಗೆ ಸಂಬಂಧಿಸಿದ ಸರ್ಕಾರಿ ಸೌಲಭ್ಯಗಳನ್ನು ಪಡೆಯುವ ಕ್ರಮವನ್ನೂ ಇಲ್ಲಿ ನೀಡಲಾಗಿದೆ.

1. ಚೀಸ್ ಎಂದರೇನು?

ಹಾಲನ್ನು ಹೆಪ್ಪುಗಟ್ಟಿಸಿ, ಅದರ ನೀರಿನ ಅಂಶವನ್ನು ಬೇರ್ಪಡಿಸಿ, ಉಳಿದ ಗಟ್ಟಿ ಭಾಗಕ್ಕೆ ಉಪ್ಪು ಬೆರೆಸಿ ಪಕ್ವಗೊಳಿಸಿದ ಪದಾರ್ಥವೇ ಚೀಸ್. ಒಂದು ಕಿಲೋ ಗಟ್ಟಿ ಚೀಸ್ ತಯಾರಿಸಲು ಸುಮಾರು ಹತ್ತು ಲೀಟರ್ ಆಕಳ ಹಾಲು ಬೇಕಾಗುತ್ತದೆ. ಆದುದರಿಂದ ಚೀಸ್ ಎಂಬುದು ಹೊಸ ಆಹಾರವಲ್ಲ, ಸಾಂದ್ರಗೊಳಿಸಿದ ಹಾಲೇ ಆಗಿದೆ.

ಕೆಲವು ನಿಘಂಟುಗಳಲ್ಲಿ ಚೀಸ್‌ಗೆ "ಗಿಣ್ಣು" ಎಂಬ ಅರ್ಥವನ್ನು ನೀಡಲಾಗಿದೆ. ಆದರೆ ನಮ್ಮ ಭಾಗದಲ್ಲಿ ಗಿಣ್ಣ ಎಂದರೆ ಈದ ಆಕಳು ಅಥವಾ ಎಮ್ಮೆಯ ಮೊದಲ ದಿನಗಳ ಹಾಲು ಮತ್ತು ಅದನ್ನು ಕಾಯಿಸಿ ಮಾಡಿದ ಸಿಹಿ ತಿನಿಸು. ಇವೆರಡೂ ಬೇರೆ ಬೇರೆ. ಗಿಣ್ಣದ ಹಾಲನ್ನು ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲು ಕರುವಿಗೆ ಕುಡಿಸತಕ್ಕದ್ದು. ಕರುವಿನ ರೋಗನಿರೋಧಕ ಶಕ್ತಿಯು ಅದನ್ನೇ ಅವಲಂಬಿಸಿದೆ.

ಪನೀರ್ ತಯಾರಿಸಲು ಬಿಸಿ ಹಾಲಿಗೆ ಲಿಂಬೆರಸದಂತಹ ಹುಳಿಯನ್ನು ಹಾಕಿ ಒಡೆಯಿಸಲಾಗುತ್ತದೆ. ಚೀಸ್ ತಯಾರಿಸಲು ರೆನೆಟ್ ಎಂಬ ಕಿಣ್ವವನ್ನು ಬಳಸಲಾಗುತ್ತದೆ. ಹುಳಿ ಹಾಕಿದಾಗ ಹಾಲಿನ ಸುಣ್ಣದ ಅಂಶದ (ಕ್ಯಾಲ್ಸಿಯಂ) ಒಂದು ಭಾಗವು ಕರಗಿ ಒಡಕು ನೀರಿನೊಂದಿಗೆ ಹೊರಹೋಗುತ್ತದೆ. ಕಿಣ್ವ ಬಳಸಿದಾಗ ಅದರ ಹೆಚ್ಚಿನ ಭಾಗವು ಗಟ್ಟಿಯಲ್ಲಿಯೇ ಉಳಿಯುತ್ತದೆ. ಚೀಸ್ ಮತ್ತು ಪನೀರ್‌ನ ಕ್ಯಾಲ್ಸಿಯಂ ಪ್ರಮಾಣದಲ್ಲಿ ಕಂಡುಬರುವ ವ್ಯತ್ಯಾಸಕ್ಕೆ ಇದೇ ಮುಖ್ಯ ಕಾರಣ.

ಭಾರತದ ಆಹಾರ ಮಾನದಂಡಗಳ ಪ್ರಕಾರ ಚೀಸ್ ತಯಾರಿಕೆಗೆ ಪ್ರಾಣಿಜನ್ಯವಲ್ಲದ ರೆನೆಟ್ ಬಳಸತಕ್ಕದ್ದು. ಸಸ್ಯಾಹಾರಿಗಳು ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ವೃತ್ತದ ಗುರುತನ್ನು ನೋಡಿ ಖರೀದಿಸಬಹುದಾಗಿದೆ.

2. ಪೋಷಕಾಂಶಗಳ ವಿವರ (100 ಗ್ರಾಂ ಪದಾರ್ಥದಲ್ಲಿ)

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಪ್ರಕಟಿಸಿದ ಭಾರತೀಯ ಆಹಾರಗಳ ಪೋಷಕ ಮೌಲ್ಯದ ಕೋಷ್ಟಕದಂತೆ ಪ್ರಮಾಣಗಳು ಈ ಕೆಳಕಂಡಂತಿವೆ. ಪಶುವಿನ ತಳಿ, ಮೇವು ಮತ್ತು ತಯಾರಿಕಾ ವಿಧಾನಕ್ಕೆ ಅನುಗುಣವಾಗಿ ಇವುಗಳಲ್ಲಿ ಸ್ವಲ್ಪ ಏರುಪೇರು ಇರುತ್ತದೆ.

ಆಕಳ ಹಾಲು: ಶಕ್ತಿ 67 ಕಿಲೋ ಕ್ಯಾಲೊರಿ, ಪ್ರೋಟೀನ್ 3.2 ಗ್ರಾಂ, ಕೊಬ್ಬು 4.1 ಗ್ರಾಂ, ಕ್ಯಾಲ್ಸಿಯಂ 120 ಮಿ.ಗ್ರಾಂ
ಎಮ್ಮೆ ಹಾಲು: ಶಕ್ತಿ 117, ಪ್ರೋಟೀನ್ 4.3, ಕೊಬ್ಬು 6.5, ಕ್ಯಾಲ್ಸಿಯಂ 210
ಆಕಳ ಹಾಲಿನ ಮೊಸರು: ಶಕ್ತಿ 60, ಪ್ರೋಟೀನ್ 3.1, ಕೊಬ್ಬು 4.0, ಕ್ಯಾಲ್ಸಿಯಂ 149
ಮಜ್ಜಿಗೆ: ಶಕ್ತಿ 15, ಪ್ರೋಟೀನ್ 0.8, ಕೊಬ್ಬು 1.1, ಕ್ಯಾಲ್ಸಿಯಂ 30
ಆಕಳ ಹಾಲನ್ನು ಒಡೆಯಿಸಿದ ಛೇನಾ: ಶಕ್ತಿ 265, ಪ್ರೋಟೀನ್ 18.3, ಕೊಬ್ಬು 20.8, ಕ್ಯಾಲ್ಸಿಯಂ 208
ಎಮ್ಮೆ ಹಾಲನ್ನು ಒಡೆಯಿಸಿದ ಛೇನಾ: ಶಕ್ತಿ 292, ಪ್ರೋಟೀನ್ 13.4, ಕೊಬ್ಬು 23.0, ಕ್ಯಾಲ್ಸಿಯಂ 480
ಚೀಸ್: ಶಕ್ತಿ 348, ಪ್ರೋಟೀನ್ 24.1, ಕೊಬ್ಬು 25.1, ಕ್ಯಾಲ್ಸಿಯಂ 790

(ಛೇನಾವನ್ನು ಭಾರವಿಟ್ಟು ಒತ್ತಿದಾಗ ಪನೀರ್ ಗಡ್ಡೆಯಾಗುತ್ತದೆ.)

3. ಒಂದು ತುಂಡು ಚೀಸ್ ಮತ್ತು ಒಂದು ಲೋಟ ಹಾಲು

ಮೇಲ್ಕಂಡ ಅಂಕಿಗಳನ್ನು ಮಾತ್ರ ನೋಡಿದರೆ ಚೀಸ್ ಹಾಲಿಗಿಂತ ಹಲವು ಪಟ್ಟು ಶ್ರೇಷ್ಠವೆಂದು ತೋರುತ್ತದೆ. ಆದರೆ ಯಾರೂ ಒಂದೇ ಬಾರಿಗೆ 100 ಗ್ರಾಂ ಚೀಸ್ ತಿನ್ನುವುದಿಲ್ಲ. ತಿನ್ನುವ ಪ್ರಮಾಣದಲ್ಲಿ ಹೋಲಿಸುವುದೇ ಸರಿಯಾದ ಕ್ರಮ.

20 ಗ್ರಾಂ ತೂಕದ ಒಂದು ತುಂಡು ಚೀಸ್: ಪ್ರೋಟೀನ್ 4.8 ಗ್ರಾಂ, ಕ್ಯಾಲ್ಸಿಯಂ 158 ಮಿ.ಗ್ರಾಂ
150 ಮಿ.ಲೀ. ಆಕಳ ಹಾಲು: ಪ್ರೋಟೀನ್ 4.8 ಗ್ರಾಂ, ಕ್ಯಾಲ್ಸಿಯಂ 180 ಮಿ.ಗ್ರಾಂ
150 ಮಿ.ಲೀ. ಎಮ್ಮೆ ಹಾಲು: ಪ್ರೋಟೀನ್ 6.5 ಗ್ರಾಂ, ಕ್ಯಾಲ್ಸಿಯಂ 315 ಮಿ.ಗ್ರಾಂ
18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ ಒಂದು ಲೋಟ ಹಾಲು: ಪ್ರೋಟೀನ್ 4.6 ಗ್ರಾಂ, ಕ್ಯಾಲ್ಸಿಯಂ 171 ಮಿ.ಗ್ರಾಂ

ಅಂದರೆ, ಒಂದು ತುಂಡು ಚೀಸ್‌ನಿಂದ ದೊರೆಯುವ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಒಂದು ಸಣ್ಣ ಲೋಟ ಆಕಳ ಹಾಲಿನಿಂದಲೂ ದೊರೆಯುತ್ತದೆ. ಎಮ್ಮೆ ಹಾಲಿನಿಂದ ಅದಕ್ಕಿಂತ ಹೆಚ್ಚೇ ದೊರೆಯುತ್ತದೆ. ಶಾಲೆಯಲ್ಲಿ ಉಚಿತವಾಗಿ ನೀಡಲಾಗುವ ಹಾಲು ಸಹ ಚೀಸ್ ತುಂಡಿಗೆ ಸರಿಸಮಾನವಾಗಿದೆ. ಚೀಸ್ ಕೊಳ್ಳಲು ಆಗದ ಪೋಷಕರು ತಮ್ಮ ಮಕ್ಕಳಿಗೆ ಕೊರತೆಯಾಯಿತೆಂದು ಭಾವಿಸುವ ಅಗತ್ಯವಿರುವುದಿಲ್ಲ.

4. ನಮ್ಮ ಊಟದಲ್ಲಿ ಇರುವ ಕೊರತೆ

ದಿನಕ್ಕೆ 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಮತ್ತು 50 ಗ್ರಾಂ ತೊಗರಿ ಬೇಳೆಯನ್ನು ಸೇವಿಸುವ ಮಹಿಳೆಯೊಬ್ಬರಿಗೆ ಇವೆರಡರಿಂದ ಸುಮಾರು 42 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿಪಡಿಸಿದ ಪ್ರಮಾಣವು ವಯಸ್ಕ ಮಹಿಳೆಗೆ ಸುಮಾರು 46 ಗ್ರಾಂ ಇರುವುದರಿಂದ ಈ ಅಂತರ ಚಿಕ್ಕದು. ಆದರೆ ಅದೇ ಊಟದಿಂದ ದೊರೆಯುವ ಕ್ಯಾಲ್ಸಿಯಂ ಸುಮಾರು 110 ಮಿ.ಗ್ರಾಂ ಮಾತ್ರ. ದಿನವೊಂದಕ್ಕೆ ಬೇಕಾದ ಪ್ರಮಾಣವು ಈ ಕೆಳಕಂಡಂತಿದೆ.

1ರಿಂದ 3 ವರ್ಷದ ಮಕ್ಕಳು: 500 ಮಿ.ಗ್ರಾಂ
4ರಿಂದ 6 ವರ್ಷ: 550 ಮಿ.ಗ್ರಾಂ
7ರಿಂದ 9 ವರ್ಷ: 650 ಮಿ.ಗ್ರಾಂ
10ರಿಂದ 12 ವರ್ಷ: 850 ಮಿ.ಗ್ರಾಂ
ವಯಸ್ಕರು ಮತ್ತು ಗರ್ಭಿಣಿಯರು: 1000 ಮಿ.ಗ್ರಾಂ
ಹಾಲುಣಿಸುವ ತಾಯಂದಿರು: 1200 ಮಿ.ಗ್ರಾಂ

ರೊಟ್ಟಿ ಮತ್ತು ಬೇಳೆಯು ಹಸಿವನ್ನು ನೀಗಿಸಿದರೂ ಎಲುಬಿಗೆ ಬೇಕಾದುದರ ಹತ್ತನೆಯ ಒಂದು ಭಾಗವನ್ನಷ್ಟೇ ಪೂರೈಸುತ್ತವೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಇದಲ್ಲದೆ ಬಿ12 ಜೀವಸತ್ವವು ಧಾನ್ಯ ಮತ್ತು ಬೇಳೆಗಳಲ್ಲಿ ಇರುವುದಿಲ್ಲ. ಮೊಟ್ಟೆ, ಮಾಂಸ ಸೇವಿಸದ ಕುಟುಂಬಗಳಿಗೆ ಹಾಲು ಮತ್ತು ಹಾಲಿನ ಪದಾರ್ಥಗಳೇ ಅದರ ಮುಖ್ಯ ಮೂಲವಾಗಿವೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಮೊಸರನ್ನು ಸೂಚಿಸಲಾಗಿದೆ. ನುಗ್ಗೆ ಸೊಪ್ಪು ಹಾಗೂ ಎಳ್ಳಿನ ಚಟ್ನಿಪುಡಿ ಸಹ ಕ್ಯಾಲ್ಸಿಯಂ ಒದಗಿಸುತ್ತವೆ.

ಡೇರಿಗೆ ಹಾಲು ಹಾಕುವ ಕುಟುಂಬಗಳು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು. ಹಾಲಿನ ಹಣವು ಮನೆಯ ಖರ್ಚಿಗೆ, ಮೇವಿಗೆ, ಸಾಲದ ಕಂತಿಗೆ ಆಧಾರವಾಗಿರುವುದು ನಿಜ. ಆದಾಗ್ಯೂ ಹಿಂಡಿದ ಹಾಲೆಲ್ಲವನ್ನೂ ಕ್ಯಾನಿಗೆ ಸುರಿದು, ಮನೆಯ ಮಕ್ಕಳಿಗೆ ಚಹಾದಲ್ಲಿನ ಹಾಲು ಮಾತ್ರ ಉಳಿಯುವಂತಾಗಬಾರದು. ಮನೆಯಲ್ಲಿರುವ ಮಕ್ಕಳು, ಗರ್ಭಿಣಿಯರು ಹಾಗೂ ಬಾಣಂತಿಯರಿಗೆ ತಲಾ ಒಂದು ಲೋಟದಷ್ಟನ್ನಾದರೂ ಮೊದಲು ತೆಗೆದಿರಿಸಿ, ಉಳಿದುದನ್ನು ಸಂಘಕ್ಕೆ ಹಾಕುವುದು ಹಿತಕರ. ಹಾಲು ಮಾರಿದ ಹಣದಿಂದ ಚೀಸ್ ಕೊಂಡು ತರುವುದಕ್ಕಿಂತ ಇದು ಮಿತವ್ಯಯದ ಮಾರ್ಗವೂ ಹೌದು.

5. ಚೀಸ್‌ನ ಅನುಕೂಲಗಳು ಮತ್ತು ಮಿತಿಗಳು

ಅನುಕೂಲಗಳು:
(ಅ) ಹಾಲು ಕುಡಿದರೆ ಹೊಟ್ಟೆಯುಬ್ಬರ ಅಥವಾ ಭೇದಿಯಾಗುವವರಿಗೆ, ಹಾಲಿನ ಸಕ್ಕರೆಯು ಬಹುಪಾಲು ಕಳೆದುಹೋಗಿರುವ ಗಟ್ಟಿ ಚೀಸ್ ಸಾಮಾನ್ಯವಾಗಿ ಒಗ್ಗುತ್ತದೆ. ಮೊಸರು ಸಹ ಅನೇಕರಿಗೆ ಒಗ್ಗುತ್ತದೆ.
(ಆ) ಕಡಿಮೆ ತಿನ್ನುವ, ಆದರೆ ಹೆಚ್ಚಿನ ಶಕ್ತಿ ಬೇಕಾದ ಮಕ್ಕಳಿಗೆ ಅಲ್ಪ ಪ್ರಮಾಣದಲ್ಲಿ ಶಕ್ತಿ ಮತ್ತು ಪ್ರೋಟೀನ್ ದೊರೆಯುತ್ತದೆ.
(ಇ) ಶೀತಲ ಪೆಟ್ಟಿಗೆಯಲ್ಲಿ ಹಾಲಿಗಿಂತ ಹೆಚ್ಚು ದಿನ ಉಳಿಯುತ್ತದೆ.

ಮಿತಿಗಳು:
(ಅ) ಚೀಸ್‌ನಲ್ಲಿ ಉಪ್ಪು ಅಧಿಕ. ಸಂಸ್ಕರಿಸಿದ ಚೀಸ್‌ನ 100 ಗ್ರಾಂನಲ್ಲಿ ಸೋಡಿಯಂ ಪ್ರಮಾಣವು 1000 ಮಿ.ಗ್ರಾಂ ದಾಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನವೊಂದಕ್ಕೆ 2000 ಮಿ.ಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೂಚಿಸಿದೆ. ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಸಲಹೆ ಪಡೆಯುವುದು.
(ಆ) ಕೊಬ್ಬಿನ ಪ್ರಮಾಣವು ಹೆಚ್ಚಾಗಿರುವುದರಿಂದ ಮಿತವಾಗಿ ಸೇವಿಸಬೇಕು.
(ಇ) ಹಾಲಾಗಲಿ ಚೀಸ್ ಆಗಲಿ ಕಬ್ಬಿಣಾಂಶದ ಉತ್ತಮ ಮೂಲವಲ್ಲ. ರಕ್ತಹೀನತೆ ಇರುವವರು ಸೊಪ್ಪು, ಕಾಳು ಸೇವಿಸುವುದರೊಂದಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆಯನ್ನು ಹಾಲು, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಸೇವಿಸಬಾರದು. ಬೇರೆ ವೇಳೆಯಲ್ಲಿ ಸೇವಿಸಬೇಕು.
(ಈ) ಆರು ತಿಂಗಳು ತುಂಬುವವರೆಗೆ ಶಿಶುವಿಗೆ ತಾಯಿಯ ಹಾಲನ್ನು ಮಾತ್ರ ನೀಡತಕ್ಕದ್ದು.

6. ಮನೆಯಲ್ಲಿ ಪನೀರ್ ತಯಾರಿಸುವವರಿಗೆ ಸೂಚನೆ

ಒಂದು ಲೀಟರ್ ಎಮ್ಮೆ ಹಾಲಿನಿಂದ ಸುಮಾರು 200 ಗ್ರಾಂ ಪನೀರ್ ದೊರೆಯುತ್ತದೆ. ಹಾಲನ್ನು ಚೆನ್ನಾಗಿ ಕುದಿಸಿ, ಸ್ವಲ್ಪ ಆರಿದ ನಂತರ ಲಿಂಬೆರಸವನ್ನು ನಿಧಾನವಾಗಿ ಬೆರೆಸಿ, ತಿಳಿನೀರು ಬಿಟ್ಟಾಗ ಸ್ವಚ್ಛವಾದ ಬಟ್ಟೆಯಲ್ಲಿ ಸೋಸಿ ಭಾರವಿಡಬೇಕು. ಒಡಕು ನೀರಿನಲ್ಲಿ ಕ್ಯಾಲ್ಸಿಯಂ, ಹಾಲಿನ ಸಕ್ಕರೆ ಹಾಗೂ ಸ್ವಲ್ಪ ಪ್ರೋಟೀನ್ ಉಳಿದಿರುವುದರಿಂದ ಅದನ್ನು ಚೆಲ್ಲದೆ ಹಿಟ್ಟು ನಾದಲು ಅಥವಾ ಸಾರಿಗೆ ಬಳಸಬಹುದಾಗಿದೆ.

ಹಸಿ ಹಾಲನ್ನಾಗಲಿ, ಕುದಿಸದ ಹಾಲಿನಿಂದ ತಯಾರಿಸಿದ ಪದಾರ್ಥಗಳನ್ನಾಗಲಿ ಸೇವಿಸಬಾರದು. ಕಂದು ಹಾಕುವ ರೋಗ (ಬ್ರುಸೆಲ್ಲೋಸಿಸ್) ಇರುವ ಪಶುವಿನ ಹಸಿ ಹಾಲಿನ ಮೂಲಕ ರೋಗವು ಮನುಷ್ಯರಿಗೆ ತಗಲುತ್ತದೆ. 2019ರಲ್ಲಿ ಆರಂಭಗೊಂಡ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ವಿರುದ್ಧ ಲಸಿಕೆ ಹಾಕುವ ವ್ಯವಸ್ಥೆ ಇರುತ್ತದೆ. ಜಾನುವಾರು ಮಾಲೀಕರು ಹತ್ತಿರದ ಪಶು ವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸುವುದು.

7. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

1) ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳ ಸಂಖ್ಯೆ, ತಯಾರಿಕಾ ದಿನಾಂಕ ಮತ್ತು ಬಳಕೆಯ ಅವಧಿಯನ್ನು ನೋಡುವುದು.
2) ಪದಾರ್ಥಗಳ ಪಟ್ಟಿಯಲ್ಲಿ ಸಸ್ಯಜನ್ಯ ಎಣ್ಣೆ ಅಥವಾ ಪಿಷ್ಟ ಇದ್ದಲ್ಲಿ ಅದು ಅಪ್ಪಟ ಪನೀರ್ ಆಗಿರುವುದಿಲ್ಲ. ಪನೀರ್‌ನ ನೀರಿನಂಶ ಕಳೆದ ಗಟ್ಟಿ ಭಾಗದಲ್ಲಿ ಕನಿಷ್ಠ ಶೇ. 50ರಷ್ಟು ಹಾಲಿನ ಕೊಬ್ಬು ಇರತಕ್ಕದ್ದು.
3) ಬಿಡಿ ಪನೀರ್‌ನ ಒಂದು ಚೂರನ್ನು ನೀರಿನಲ್ಲಿ ಕುದಿಸಿ, ಆರಿದ ನಂತರ ಎರಡು ಮೂರು ಹನಿ ಟಿಂಚರ್ ಅಯೋಡಿನ್ ಹಾಕಿದಾಗ ನೀಲಿ ಬಣ್ಣ ಬಂದಲ್ಲಿ ಪಿಷ್ಟ ಬೆರೆಸಿರುವುದು ತಿಳಿಯುತ್ತದೆ. ಪರೀಕ್ಷಿಸಿದ ಚೂರನ್ನು ತಿನ್ನಬಾರದು.
4) ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಪ್ರಕರಣದಂತೆ ಯಾವುದೇ ಗ್ರಾಹಕರು ನಿಗದಿತ ಶುಲ್ಕ ಪಾವತಿಸಿ ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದಾಗಿದೆ. ಹೀಗೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ವೇಳೆಯಲ್ಲಿಯೇ ಮಾರಾಟಗಾರರಿಗೆ ತಿಳಿಸಬೇಕು. ಪದಾರ್ಥವು ಕಾಯ್ದೆಗೆ ವಿರುದ್ಧವಾಗಿರುವುದು ಕಂಡುಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಗ್ರಾಹಕರು ಅರ್ಹರಾಗಿರುತ್ತಾರೆ.

8. ಲಭ್ಯವಿರುವ ಸೌಲಭ್ಯಗಳು

ಕ್ಷೀರಭಾಗ್ಯ: 2013ರ ಆಗಸ್ಟ್ 1ರಂದು ಆರಂಭವಾದ ಈ ಯೋಜನೆಯಡಿ ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ 150 ಮಿ.ಲೀ. ಬಿಸಿ ಹಾಲನ್ನು ನೀಡಲಾಗುತ್ತದೆ. ಶಾಲೆಯ ಮಕ್ಕಳಿಗೆ ದಾಖಲಾತಿಯೇ ಸಾಕು, ಪ್ರತ್ಯೇಕ ಅರ್ಜಿಯ ಅಗತ್ಯವಿರುವುದಿಲ್ಲ. ಮಕ್ಕಳು ಹಾಲು ನೀಡುವ ವೇಳೆಗೆ ಶಾಲೆಯಲ್ಲಿ ಹಾಜರಿರುವಂತೆ ಪೋಷಕರು ನೋಡಿಕೊಳ್ಳುವುದು.

ಮಾತೃಪೂರ್ಣ: 2017ರ ಅಕ್ಟೋಬರ್ 2ರಿಂದ ರಾಜ್ಯಾದ್ಯಂತ ಜಾರಿಗೊಂಡ ಈ ಯೋಜನೆಯಡಿ ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಹಾಲು ಸಹಿತ ಪೌಷ್ಟಿಕ ಊಟವನ್ನು ಅಂಗನವಾಡಿಯ ಮೂಲಕ ಒದಗಿಸಲಾಗುತ್ತದೆ. ಗರ್ಭ ಧರಿಸಿರುವುದು ಖಚಿತವಾದ ಕೂಡಲೇ ಅಂಗನವಾಡಿ ಕಾರ್ಯಕರ್ತೆಯರಲ್ಲಿ ಹೆಸರು ನೋಂದಾಯಿಸಿ, ಆರೋಗ್ಯ ಕಾರ್ಯಕರ್ತೆಯರಿಂದ ತಾಯಿ ಕಾರ್ಡ್ ಪಡೆಯುವುದು. ಹೆರಿಗೆಗಾಗಿ ತವರಿಗೆ ಬಂದವರು ತವರಿನ ಅಂಗನವಾಡಿಯಲ್ಲಿ ವಿಚಾರಿಸುವುದು.

ಮಾರಾಟಕ್ಕಾಗಿ ತಯಾರಿಸುವವರು: ಪನೀರ್, ಖೋವಾ ಮುಂತಾದವುಗಳನ್ನು ಮನೆಯಲ್ಲಿ ತಯಾರಿಸಿ ಮಾರುವವರು ಮತ್ತು ಸ್ವಸಹಾಯ ಗುಂಪುಗಳು 2006ರ ಕಾಯ್ದೆಯಂತೆ ನೋಂದಣಿ ಅಥವಾ ಪರವಾನಗಿ ಪಡೆಯತಕ್ಕದ್ದು. ನೋಂದಾಯಿತ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರಾಗಿ ತಮ್ಮ ಹಾಲೆಲ್ಲವನ್ನೂ ಸಂಘಕ್ಕೇ ಮಾರುವ ರೈತರಿಗೆ ಈ ನೋಂದಣಿಯಿಂದ ವಿನಾಯಿತಿ ಇರುತ್ತದೆ. ಮನೆ ಬಳಕೆಗೆ ಹಾಲು ಉಳಿಸಿಕೊಳ್ಳುವುದು ಮಾರಾಟವಾಗುವುದಿಲ್ಲ. ಹಾಲು ಸಂಸ್ಕರಣೆ ಹಾಗೂ ಪಶುಪಾಲನೆಯ ತಾಂತ್ರಿಕ ವಿಷಯಗಳಿಗೆ ಬೀದರ್‌ನಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಸಂಪರ್ಕಿಸಬಹುದಾಗಿದೆ.

9. ಸಾರಾಂಶ

ಚೀಸ್ ಪೌಷ್ಟಿಕ ಆಹಾರವಾಗಿದೆ, ಆದರೆ ಅನಿವಾರ್ಯವಲ್ಲ. ಅದರ ಸತ್ವವೆಲ್ಲವೂ ಹಾಲಿನಿಂದಲೇ ಬಂದುದಾಗಿದ್ದು, ಉಪ್ಪು ಮಾತ್ರ ಹೊರಗಿನಿಂದ ಸೇರಿದುದಾಗಿದೆ. ಜೋಳ ಮತ್ತು ತೊಗರಿಯ ಊಟಕ್ಕೆ ಕುದಿಸಿದ ಹಾಲು, ಮೊಸರು ಅಥವಾ ಪನೀರ್ ಯಾವುದಾದರೊಂದು ಪ್ರತಿದಿನವೂ ಸೇರಬೇಕು. ಅಂಗನವಾಡಿ ಮತ್ತು ಶಾಲೆಯಲ್ಲಿ ದೊರೆಯುವ ಹಾಲು ಪ್ರತಿ ಮಗುವಿನ ಹಕ್ಕಾಗಿದ್ದು, ಸಾರ್ವಜನಿಕರು ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.